ಕೊಟ್ಟಿಗೆಗೆ ಕರೆಂಟು ಎಳೆಯುವ ಮುನ್ನ

ಒಂದು ಬಲ್ಬ್ ತಾನೇ ಎಂದು ಬಚ್ಚಲಮನೆಯ ಹೋಲ್ಡರಿನಿಂದ ವೈರ್ ಎಳೆದು, ನಡುವೆ ಅಡಿಕೆ ಮರಕ್ಕೊಂದು ಸುತ್ತು ಹಾಕಿ, ಜಾಯಿಂಟಿಗೆ ಟೇಪು ಸುತ್ತಿ ಕೈತೊಳೆದುಕೊಂಡ ಮನೆಗಳು ಮಲೆನಾಡಿನಲ್ಲಿ ಬೇಕಾದಷ್ಟಿವೆ. ಬಲ್ಬೇನೋ ಉರಿಯುತ್ತದೆ. ಮರುವರ್ಷ ಅದೇ ವೈರಿಗೆ ಮೇವು ಕತ್ತರಿಸುವ ಯಂತ್ರ ಬರುತ್ತದೆ, ಆಮೇಲೆ ಹಾಲು ಕರೆಯುವ ಯಂತ್ರ. ಕೊಟ್ಟಿಗೆಯ ನೆಲ ಸದಾ ಒದ್ದೆ, ಗಂಜಲಕ್ಕೆ ಲೋಹ ತುಕ್ಕು ಹಿಡಿಯುತ್ತದೆ, ಇಲಿಗಳ ಕಾಟ ಬೇರೆ. ಮೇಲಾಗಿ ದನಕ್ಕೆ ಚಪ್ಪಲಿಯಿಲ್ಲ. ಅದರ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚು, ನೆಲದಿಂದ ಹತ್ತಿದ ಕರೆಂಟು ಹೃದಯದ ಬಳಿಯೇ ಹಾದುಹೋಗುತ್ತದೆ. ನಮಗೆ ಜುಮ್ಮೆನ್ನಿಸಿ ಬಿಡುವ ಸೋರಿಕೆ ಹಸುವಿನ ಪ್ರಾಣ ತೆಗೆಯಬಲ್ಲದು.

ವೈರಿಂಗ್ ಕೆಲಸ ಲೈಸೆನ್ಸ್ ಇರುವ ಗುತ್ತಿಗೆದಾರರದ್ದು. ಆದರೆ ಏನು ಮಾಡಿಸಬೇಕೆಂಬುದು ಮನೆಯವರಿಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಅಂಗಡಿಯಲ್ಲಿ ಉಳಿದಿದ್ದ ವೈರೇ ನಿಮ್ಮ ಕೊಟ್ಟಿಗೆಗೆ ಬರುತ್ತದೆ.

ಮೊದಲು ಲೆಕ್ಕ

ಮುಂದಿನ ಐದಾರು ವರ್ಷಗಳಲ್ಲಿ ಕೊಟ್ಟಿಗೆಗೆ ಏನೇನು ಬರಬಹುದೆಂದು ಬರೆದುಕೊಳ್ಳಿ. 9 ವಾಟ್‌ನ ನಾಲ್ಕು ಎಲ್‌ಇಡಿ ಬಲ್ಬು ಲೆಕ್ಕಕ್ಕೇ ಇಲ್ಲ. ಲೆಕ್ಕ ಬೇಕಾಗುವುದು ಮೋಟರಿಗೆ. 1 ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಓಡುವಾಗ ಸುಮಾರು 7 ಆಂಪಿಯರ್ ಎಳೆಯುತ್ತದೆ, ಹೊರಡುವ ಕ್ಷಣದಲ್ಲಿ ಅದರ ಐದು ಪಟ್ಟು. ಮನೆಯಿಂದ ಕೊಟ್ಟಿಗೆ 30 ಮೀಟರ್ ದೂರವಿದ್ದು ತಾಮ್ರದ ವೈರ್ 1.5 ಚದರ ಮಿ.ಮೀ. ಆಗಿದ್ದರೆ ಆ ಕ್ಷಣದಲ್ಲಿ ಸುಮಾರು 30 ವೋಲ್ಟ್ ದಾರಿಯಲ್ಲೇ ಕರಗುತ್ತದೆ. ಸಂಜೆ ಹೊತ್ತು ಮೊದಲೇ ವೋಲ್ಟೇಜ್ ಇಲ್ಲದ ಹಳ್ಳಿಯಲ್ಲಿ ಮೋಟರ್ ಗೊರಗೊರ ಎಂದು ಅಲ್ಲೇ ನಿಲ್ಲುತ್ತದೆ, ವೈಂಡಿಂಗ್ ಸುಡುತ್ತದೆ. 2.5ರ ವೈರಿನಲ್ಲಿ ನಷ್ಟ 19 ವೋಲ್ಟ್, 4ರಲ್ಲಿ ಸುಮಾರು 12 ಮಾತ್ರ. ಮೋಟರ್ ಬರುವುದು ಖಚಿತವಾದರೆ 4 ಚದರ ಮಿ.ಮೀ. ಹಾಕಿಸಿ. ಅಗೆಯುವ ಕೂಲಿಯ ಮುಂದೆ ವೈರಿನ ಬೆಲೆಯ ವ್ಯತ್ಯಾಸ ದೊಡ್ಡದಲ್ಲ. ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆಯೆಂದೂ ನೋಡಿ. ಸಾಲದಿದ್ದರೆ ಮೆಸ್ಕಾಂ ಅಥವಾ ನಿಮ್ಮ ಭಾಗದ ಕಂಪನಿಯ ಶಾಖಾ ಕಚೇರಿಗೆ ಹೆಚ್ಚುವರಿ ಲೋಡಿಗಾಗಿ ಅರ್ಜಿ ಕೊಡಬೇಕು.

ದಾರಿ

ಹೊಸ ಲೈನ್ ಹೊರಡಬೇಕಾದದ್ದು ಮನೆಯ ಮೇನ್ ಬೋರ್ಡಿನಿಂದ, ಅದಕ್ಕೇ ಮೀಸಲಾದ ಎಂಸಿಬಿ (ಕರೆಂಟು ಮಿತಿಮೀರಿದರೆ ತಾನಾಗಿ ಬೀಳುವ ಸ್ವಿಚ್) ಮತ್ತು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಬೀಳುವ ಸ್ವಿಚ್) ದಾಟಿ. ಎಂಸಿಬಿ ಕಾಯುವುದು ವೈರನ್ನು, ಆರ್‌ಸಿಸಿಬಿ ಕಾಯುವುದು ಜೀವವನ್ನು. ಒಂದಿದ್ದರೆ ಇನ್ನೊಂದು ಬೇಡವೆನ್ನುವಂತಿಲ್ಲ.

ಅಂಗಳ ದಾಟಲು ನೆಲದಡಿಯ ದಾರಿಯೇ ಮೇಲು. ಎರಡರಿಂದ ಎರಡೂವರೆ ಅಡಿ ಆಳದ ಚರಂಡಿ ತೋಡಿ, ಮರಳು ಹಾಸಿ, ಆರ್ಮರ್ಡ್ ಕೇಬಲ್ (ಉಕ್ಕಿನ ಕವಚವಿರುವ ಕೇಬಲ್) ಇಟ್ಟು, ಮತ್ತೆ ಮರಳು ಮುಚ್ಚಿ, ಮೇಲೆ ಇಟ್ಟಿಗೆ ಸಾಲು ಹೊದಿಸಿ. ಮುಂದೊಂದು ದಿನ ಯಾರಾದರೂ ಗುದ್ದಲಿ ಹಾಕಿದರೆ ಮೊದಲು ಸಿಗುವುದು ಇಟ್ಟಿಗೆ. ನಡುವೆ ಜಾಯಿಂಟ್ ಇರಲೇಬಾರದು. ಮೇಲಿನಿಂದಲೇ ಒಯ್ಯುವುದಾದರೆ ಎರಡೂ ತುದಿಯಲ್ಲಿ ಕಂಬ ಅಥವಾ ಗಟ್ಟಿ ಗೋಡೆ ಬೇಕು, ಭಾರ ಹೊರಲು ಬೇರೆ ಜಿಐ ತಂತಿ ಬೇಕು. ಮರಕ್ಕೆ ಕಟ್ಟಬೇಡಿ. ಬಟ್ಟೆ ಒಣಗಿಸುವ ತಂತಿ ಆ ಸುತ್ತಮುತ್ತ ಇರಲೇಬಾರದು. ಅದಕ್ಕೆ ನೈಲಾನ್ ಹಗ್ಗ ಸಾಕು.

ಕೊಟ್ಟಿಗೆಯಲ್ಲಿ ಕಬ್ಬಿಣದ ಡಬ್ಬಿ ಬೇಡ, ಪ್ಲಾಸ್ಟಿಕ್ಕಿನ ನೀರು ಹೊಗದ ಬೋರ್ಡ್ ಇರಲಿ. ಫೇಸ್ (ಕರೆಂಟು ಬರುವ ವೈರ್), ನ್ಯೂಟ್ರಲ್ (ಅದು ಮರಳುವ ವೈರ್) ಎರಡನ್ನೂ ಕಡಿಯುವ ಸ್ವಿಚ್ ಬಾಗಿಲ ಹೊರಗೆ, ಕೊಂಬಿಗೂ ನಾಲಿಗೆಗೂ ಎಟುಕದ ಎತ್ತರದಲ್ಲಿರಬೇಕು. ವೈರ್ ಪೂರ್ತಿ ಪೈಪಿನೊಳಗೆ. ಹುಲ್ಲಿನ ಅಟ್ಟದ ಬಳಿ ಜಾಯಿಂಟ್, ಹೋಲ್ಡರ್ ಯಾವುದೂ ಬೇಡ.

ಅರ್ಥಿಂಗ್

ಹೆಚ್ಚಿನವರು ಕೈ ಹಿಡಿತ ಮಾಡುವುದು ಇಲ್ಲೇ. ಸೋರಿದ ಕರೆಂಟನ್ನು ಒಯ್ಯುವ ಹಸಿರು ಅರ್ಥ್ ವೈರ್ ಮನೆಯಿಂದ ಕೇಬಲ್ಲಿನ ಜೊತೆಯಲ್ಲೇ ಬರಬೇಕು, ಕೊಟ್ಟಿಗೆಯ ಹತ್ತಿರ ಇನ್ನೊಂದು ಅರ್ಥಿಂಗ್ ಗುಂಡಿಯೂ ಬೇಕು. ಗುಂಡಿ ದನ ಓಡಾಡುವ ಜಾಗದಲ್ಲಿ ಬೇಡ, ಗಂಜಲದ ಚರಂಡಿಯ ಪಕ್ಕವೂ ಬೇಡ. ಬೇಸಿಗೆಯಲ್ಲಿ ಅದಕ್ಕೆ ನೀರು ಹೊಯ್ಯುವ ಕೆಲಸ ಮನೆಯಲ್ಲಿ ಒಬ್ಬರಿಗೆ ವಹಿಸಿ. ದನ ಕಟ್ಟುವ ಕಬ್ಬಿಣದ ಪೈಪು, ನೀರಿನ ಪೈಪು, ಮೋಟರಿನ ಮೈ ಎಲ್ಲವೂ ಅದೇ ಅರ್ಥ್ ವೈರಿಗೆ ಸೇರಬೇಕು. ‘ನ್ಯೂಟ್ರಲ್ಲಿನಿಂದಲೇ ಅರ್ಥ್ ಕೊಡುತ್ತೇನೆ’ ಎನ್ನುವ ವೈರ್‌ಮನ್ ಸಿಕ್ಕಿದರೆ ಕಾಫಿ ಕೊಟ್ಟು ಕಳುಹಿಸಿಬಿಡಿ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಮೋಟರಿನ ಮೈಯೇ ಫೇಸ್ ಆಗುತ್ತದೆ.

ಜೋಡಣೆ, ಪರೀಕ್ಷೆ

ಕೆಲಸದ ದಿನ ಮೇನ್ ಆಫ್ ಮಾಡಿದರೆ ಸಾಲದು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಕೆಲವು ವೈರುಗಳಲ್ಲಿ ಕರೆಂಟು ಹಾಗೆಯೇ ಇರುತ್ತದೆ, ಅದನ್ನೂ ನಿಲ್ಲಿಸಿ. ಟೆಸ್ಟರನ್ನು ಮೇನ್ ತೆಗೆಯುವ ಮೊದಲು ಕರೆಂಟಿರುವ ಪ್ಲಗ್ಗಿಗೆ ಹಿಡಿದು, ಅದೇ ಕೆಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಕರೆಂಟು ಬಿಡುವ ಮೊದಲು ಗುತ್ತಿಗೆದಾರರು 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಿಡಿದು ವೈರುಗಳ ಇನ್ಸುಲೇಷನ್ ನೋಡಬೇಕು. 1 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಎಲ್ಲೋ ತಪ್ಪಿದೆ. ಆಮೇಲೆ ಕರೆಂಟು ಬಿಟ್ಟು ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ, ಟಕ್ಕೆಂದು ಬೀಳಬೇಕು. ತಿಂಗಳಿಗೊಮ್ಮೆ ಹೀಗೆ ಒತ್ತಿ ನೋಡುತ್ತಿರಿ.

ಮಳೆಗಾಲದಲ್ಲಿ ಅದು ಪದೇ ಪದೇ ಬೀಳತೊಡಗಿದರೆ ‘ಉಪದ್ರವ’ ಎಂದು ಕಿತ್ತು ನೇರ ಜೋಡಿಸುವವರಿದ್ದಾರೆ. ಕೀಳಬೇಡಿ. ಎಲ್ಲ ಪ್ಲಗ್ಗು ತೆಗೆದು ಒಂದೊಂದನ್ನೇ ಹಾಕುತ್ತ ಬನ್ನಿ, ಯಾವುದನ್ನು ಹಾಕಿದಾಗ ಬೀಳುತ್ತದೋ ಸೋರಿಕೆ ಅದರಲ್ಲಿದೆ. ಏನೂ ಹಾಕದೆಯೂ ಬಿದ್ದರೆ ದೋಷ ಲೈನಿನಲ್ಲೇ ಇರಬೇಕು. ಆಗ ದನಗಳನ್ನು ಹೊರಗೆ ಕಟ್ಟಿ, ಗುತ್ತಿಗೆದಾರರಿಗೆ ಫೋನ್ ಮಾಡಿ.