ಪೆತ್ರುಸ್ ಅಂದರೆ ನಮ್ಮ ರಾಯಪ್ಪ: ನನ್ನ ಅನುಭವ

"ಲ್ಯಾಟಿನ್ ಬಾರದವರು ಜ್ಞಾನಸ್ನಾನದ ಪುಸ್ತಕ ಮುಟ್ಟಬೇಡಿ" ಅಂತ ಹಾಸನದಲ್ಲೇ ಮೂರು ಜನ ಹೇಳಿದ್ದರು. ಚರ್ಚಿನಲ್ಲಿ ಮಗುವಿಗೆ ಜ್ಞಾನಸ್ನಾನ (ಬ್ಯಾಪ್ಟಿಸಂ) ಕೊಟ್ಟಾಗ ಮಗುವಿನ, ಹೆತ್ತವರ ಹೆಸರು ಲ್ಯಾಟಿನ್‌ನಲ್ಲಿ ಬರೆದಿಟ್ಟ ಹಳೇ ಪುಸ್ತಕ ಅದು. ನಾನು ಮುಟ್ಟಿದೆ. ಹೇಮಾವತಿ ಹಿನ್ನೀರಿಗೆ ಊರು ಬಿಟ್ಟುಕೊಟ್ಟ 10-12 ಮನೆತನಗಳ ಐದು ತಲೆಮಾರಿನ ಹೆಸರು ಈಗ ನನ್ನ ಹತ್ತಿರ ಸಾಲಾಗಿ ಇವೆ. ಅದೇ ಹಿನ್ನೀರಿನಲ್ಲಿ ಪಾಳುಬಿದ್ದಿರುವ 1860ರ ದಶಕದ ಶೆಟ್ಟಿಹಳ್ಳಿ ಚರ್ಚಿನ ಗೋಡೆ ನೋಡೋಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಆ ಕಾಲದ ಜನರ ಹೆಸರು ಮಾತ್ರ ಬೀರುಗಳಲ್ಲಿ ಹುಳುವಿನ ಪಾಲಾಗುತ್ತಿದೆ. ನನಗೆ ಹೊಟ್ಟೆ ಉರಿದದ್ದು ಅದಕ್ಕೇ.

ಮೊದಲ ವರ್ಷ ದಂಡ. ಸ್ಕ್ಯಾನರ್‌ಗೆ ಸುಮಾರು 14,000 ಕೊಟ್ಟೆ. ಪುಸ್ತಕ ಬಿಡಿಸಿ ಅದರ ಮೇಲೆ ಕವುಚಿದಾಗ ಬೆನ್ನಿನ ಹೊಲಿಗೆ ಪಟ್ಟಂತ ಬಿಟ್ಟಿತು. ಆ ರಾತ್ರಿ ಊಟ ಸೇರಲಿಲ್ಲ. ಫಾದರ್ ಬೈಯಲಿಲ್ಲ, ಆದರೆ ಎರಡು ತಿಂಗಳು ಬೀರುವಿನ ಕೀಲಿ ಕೊಡಲಿಲ್ಲ. ಹೊಲಿಗೆಗೆ ಮತ್ತೆ ಆರೇಳು ಸಾವಿರ. ಸ್ಕ್ಯಾನರ್ ಅರ್ಧ ಬೆಲೆಗೆ ಮಾರಿದೆ. ಆಮೇಲೆ ಮೊಬೈಲು, ಸ್ಟ್ಯಾಂಡು, ಕಿಟಕಿ ಬೆಳಕು, ಪುಸ್ತಕದ ಎರಡೂ ಕಡೆ ದಿಂಬು. ಅಷ್ಟೇ ಸಾಕಾಯಿತು. ಮಳೆಗಾಲದಲ್ಲಿ ಪುಸ್ತಕ ತೆಗೆಯಲೇ ಇಲ್ಲ.

ಮಸಿ ಮಾಸಿ ಕಂದಾದ ಪುಟಗಳಲ್ಲಿ, ಫೋಟೋದ ಕೆಂಪು, ಹಸಿರು, ನೀಲಿ ಬಣ್ಣದ ಪದರಗಳಲ್ಲಿ ನೀಲಿ ಮಾತ್ರ ಇಟ್ಟುಕೊಂಡು ನೋಡಿದೆ. ಅಕ್ಷರ ಎದ್ದು ಬಂತು! ಹಿಂದಿನ ಪುಟದ ಮಸಿ ಇಳಿದಿದ್ದರೆ ಏನು ಮಾಡುತ್ತೇನೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ಲ್ಯಾಟಿನ್ ಅಂದರೆ ಸುತ್ತಿ ಸುತ್ತಿ ಬರೋದು ಒಂದು 30 ಪದ. ಫಿಲಿಯುಸ್ ಮಗ, ಫಿಲಿಯಾ ಮಗಳು, ಪತ್ರಿನಿ ಜ್ಞಾನ ತಂದೆತಾಯಿ, ಅಂದರೆ ಜ್ಞಾನಸ್ನಾನದಲ್ಲಿ ಮಗುವಿನ ಹೊಣೆ ಹೊರುವವರು. ಕಷ್ಟ ಇರೋದು ಹೆಸರಲ್ಲಿ. ಪ್ಯಾರಿಸ್ ವಿದೇಶಿ ಮಿಷನ್ನಿನ ಸ್ವಾಮಿಗಳು ಕಿವಿಗೆ ಬಿದ್ದದ್ದನ್ನು ಫ್ರೆಂಚ್ ರೂಢಿಯಲ್ಲಿ ಬರೆದರು. ಒ, ಯು ಒಟ್ಟಿಗೆ ಬಂದರೆ ಉಕಾರ. ಟಿ, ಸಿ, ಎಚ್ ಬಂದರೆ ಚಕಾರ. ಬರೆದ ಊರಿನ ಹೆಸರು ಬರೀ ಕಣ್ಣಲ್ಲಿ ನೋಡಿದರೆ ಗುರುತೇ ಸಿಗದು. ಹಾಗಾಗಿ ಪುನರ್ವಸತಿ ಊರಿನ ಒಬ್ಬ ಅಜ್ಜಿಯ ಮುಂದೆ ಕೂತು ಜೋರಾಗಿ ಓದಿದೆ. "ಫಿಲಿಯುಸ್ ಪೆತ್ರಿ", ಪೆತ್ರುಸ್‌ನ ಮಗ ಅಂದೆ. ಊರಿನ ಹೆಸರೂ ಓದಿದೆ. "ಪೆತ್ರುಸ್ ಯಾರಪ್ಪಾ? ಆ ಊರಲ್ಲಿ ಇದ್ದದ್ದು ನಮ್ಮ ರಾಯಪ್ಪಜ್ಜ ಅಲ್ವಾ!" ಅಂದರು.

ಬೀಗ ತೆರೆದದ್ದು ಅಲ್ಲಿ. ಪುಸ್ತಕದ ಪೆತ್ರುಸ್ ಮನೆಯಲ್ಲಿ ರಾಯಪ್ಪ. ಪೌಲುಸ್ ಚಿನ್ನಪ್ಪ. ಇಗ್ನಾತಿಯುಸ್ ಇನ್ಯಾಸಪ್ಪ. ಕ್ಸವೇರಿಯುಸ್ ಚೌರಪ್ಪ. ನಾನು ಒಂದೂವರೆ ವರ್ಷ ಪುಸ್ತಕದಲ್ಲಿ ರಾಯಪ್ಪನನ್ನೇ ಹುಡುಕಿದ್ದೆ! ಆಮೇಲೆ ದಿನಕ್ಕೆ 20 ಹೆಸರು ಸಲೀಸಾಗಿ ಕೂತವು.

ನಿಮ್ಮಲ್ಲಿ ಕೊಂಡಿ ತಪ್ಪಿದರೆ ಮೈಸೂರಿನಲ್ಲೂ ಕೇಳಿ. ಚಿಕ್ಕಮಗಳೂರು ಧರ್ಮಪ್ರಾಂತ್ಯ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) ಆದದ್ದು 1963ರಲ್ಲಿ, ಅದಕ್ಕೆ ಮುಂಚೆ ನಮ್ಮ ಕಡೆಯೆಲ್ಲ ಮೈಸೂರಿಗೆ ಸೇರಿತ್ತು. ನಾನು ಓದುತ್ತಿರುವ ಚರ್ಚಿನ ಮದುವೆ ದಾಖಲೆ ಪುಸ್ತಕದಲ್ಲಿ ಮಧ್ಯೆ ಎಂಟು ಹತ್ತು ಪುಟ ಇಲ್ಲ. ಮಳೆ ನಿಂತ ಮೇಲೆ ನಾನೂ ಅಲ್ಲಿಗೇ ಹೊರಡುತ್ತೇನೆ.