ಸಕ್ಕರೆ ಕಾಯಿಲೆಯವರು ವೈದ್ಯರ ಬಳಿ ಹೋಗುವ ಮುನ್ನ

ಕಾರವಾರದಲ್ಲಿ ನಾನು ತೋರಿಸಿಕೊಳ್ಳುತ್ತಿದ್ದ ವೈದ್ಯರೊಬ್ಬರು, ಖಾಲಿ ಹೊಟ್ಟೆಯ ಸಕ್ಕರೆ 168 ಎಂದು ಕಂಡೊಡನೆ ತಲೆಯೆತ್ತಿಯೂ ನೋಡದೆ "ಅನ್ನ ಬಿಡಿ" ಎಂದು ಗದರಿ ಮಾತ್ರೆ ಹೆಚ್ಚಿಸಿದರು. ಹಿಂದಿನ ವಾರವೆಲ್ಲ ಜ್ವರದಲ್ಲಿ ಮಲಗಿದ್ದೆನೆಂದು ಹೇಳಲು ಅವಕಾಶವೇ ಸಿಗಲಿಲ್ಲ. ಜ್ವರದಿಂದಲೂ ಸಕ್ಕರೆ ಏರುತ್ತದೆ. ಅಂದಿನಿಂದ ನೋಟ್‌ಬುಕ್ಕೊಂದರಲ್ಲಿ ದಿನಾಂಕ, ಊಟಕ್ಕೆ ಮುಂಚಿನ ಹಾಗೂ ಎರಡು ಗಂಟೆ ನಂತರದ ಅಂಕಿ, ಕುಚ್ಚಲಕ್ಕಿ ಗಂಜಿ ಎಷ್ಟು ಸೌಟು ಉಂಡೆ ಎಂಬುದನ್ನೂ ಬರೆದಿಡುತ್ತೇನೆ. ನೀವೂ ಹೀಗೆ ಬರೆದು, ಎರಡು ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ವರದಿಯನ್ನೂ, ಕೇಳಲೇಬೇಕಾದ ಎರಡು ಪ್ರಶ್ನೆಗಳನ್ನು ದಪ್ಪಕ್ಷರದಲ್ಲಿ ಬರೆದ ಚೀಟಿಯನ್ನೂ ಅದರ ಮೇಲಿಟ್ಟು, ಕುಳಿತ ಕೂಡಲೇ ವೈದ್ಯರ ಮುಂದಿಡಿ. ವೈದ್ಯರ ಮೇಲಿನ ಸಿಟ್ಟಿಗೆ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ನಾನು ನಾಲ್ಕು ದಿನ ಬಿಟ್ಟು ಅನುಭವಿಸಿದ್ದೇನೆ.