ರಾತ್ರಿ ಎರಡಕ್ಕೆ ಬದಲಾಗುವ ತಾರೀಕು

ನವಿ ಮುಂಬಯಿಯ ಸಗಟು ಮಾರುಕಟ್ಟೆಯಿಂದ ಹೋಟೆಲುಗಳಿಗೆ ತರಕಾರಿ ಪೂರೈಸುವ ಸಣ್ಣ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರ, ಕಂಪ್ಯೂಟರು ಎರಡನ್ನೂ ನಾನೇ ನೋಡಿಕೊಳ್ಳುತ್ತೇನೆ. ಗಿರಾಕಿಗಳಲ್ಲಿ ಹೆಚ್ಚಿನವರು ಮಾಟುಂಗ, ಚೆಂಬೂರು, ಮುಲುಂಡ್ ಕಡೆಯ ಉಡುಪಿ ಹೋಟೆಲಿನವರು. ಗಲ್ಲಾ ಎಣಿಸಿ ಮುಗಿದು, ನಾಳೆಗೆ ಏನೇನು ಬೇಕೆಂದು ಭಟ್ಟರು ಹೇಳಿದ ಮೇಲೆಯೇ ಮ್ಯಾನೇಜರು ಆರ್ಡರ್ ಬರೆಯುವುದು. ಅದು ನಮ್ಮ ಇಮೇಲಿಗೆ ಬಂದು ಬೀಳುವಾಗ ರಾತ್ರಿ ಹನ್ನೆರಡೂವರೆ, ಕೆಲವೊಮ್ಮೆ ಒಂದೂವರೆ. ನಮ್ಮ ಟೆಂಪೊ ಮೂರಕ್ಕೆ ಮಾರುಕಟ್ಟೆಯೊಳಗೆ ಇರಬೇಕು. ತುರ್ತಿಗೆ ವಾಟ್ಸಾಪ್ ಇದ್ದೇ ಇದೆ, ಆದರೆ ಬಿಲ್ಲಿಗೆ ಆಧಾರ ಇಮೇಲು.

ಎರಡು ಗಂಟೆಗೆ ಸರಿಯಾಗಿ ಈ ಆರ್ಡರುಗಳನ್ನೆಲ್ಲ ಹೆಕ್ಕಿ, ಒಂದೇ ಪಟ್ಟಿ ಮಾಡಿ, ಖರೀದಿಯ ಹುಡುಗರ ಮೊಬೈಲಿಗೆ ಕಳಿಸುವ ಸ್ಕ್ರಿಪ್ಟನ್ನು, ಅಂದರೆ ಪೈಥಾನ್ ಭಾಷೆಯ ಸಣ್ಣ ಪ್ರೋಗ್ರಾಮನ್ನು, ನಾನೇ ಬರೆದೆ. ಓದದೆ ಉಳಿದ ಇಮೇಲುಗಳನ್ನು ಮಾತ್ರ ತೆಗೆದುಕೊಂಡರೆ ಸಾಕಲ್ಲವೇ ಎಂದು ಹಲವರು ಕೇಳಿದ್ದಾರೆ. ಸಾಕಾಗುವುದಿಲ್ಲ. ಧಣಿಗಳು ಮಲಗುವ ಮೊದಲು ಮೊಬೈಲಿನಲ್ಲಿ ಒಂದು ಆರ್ಡರ್ ತೆರೆದು ನೋಡಿದರೆಂದರೆ ಅದು ‘ಓದಿದ್ದು’ ಆಗಿಬಿಡುತ್ತದೆ, ಸ್ಕ್ರಿಪ್ಟಿನ ಕಣ್ಣಿಗೆ ಬೀಳುವುದೇ ಇಲ್ಲ. ಮರುದಿನ ಆ ಹೋಟೆಲಿನಲ್ಲಿ ಸಾಂಬಾರಿಗೆ ನುಗ್ಗೆಕಾಯಿ ಇರುವುದಿಲ್ಲ. ಯಾರು ತೆರೆದರು, ತೆರೆಯಲಿಲ್ಲ ಎಂಬುದಕ್ಕೆ ಜೋತು ಬೀಳದೆ ಇಮೇಲು ಬಂದ ಹೊತ್ತನ್ನೇ ನಂಬಬೇಕು ಎಂದು ಅಲ್ಲೇ ತೀರ್ಮಾನಿಸಿದೆ.

ಆದರೆ ಒಂದು ಇಮೇಲಿಗೆ ಇರುವುದು ಒಂದೇ ಹೊತ್ತಲ್ಲ. ಕಳಿಸಿದವರ ಯಂತ್ರ ಪತ್ರದ ತಲೆಬರಹದಲ್ಲಿ ಬರೆಯುವ ‘ಡೇಟ್’ ಒಂದು. ನಮ್ಮ ಸರ್ವರು ಪತ್ರವನ್ನು ಪೆಟ್ಟಿಗೆಗೆ ಹಾಕಿಕೊಂಡಾಗ ತಾನೇ ಗುರುತು ಹಾಕಿಕೊಳ್ಳುವ ‘ಇಂಟರ್ನಲ್ ಡೇಟ್’ ಇನ್ನೊಂದು. ಸರ್ವರಿನಲ್ಲಿರುವ ಇಮೇಲನ್ನು ಓದಲು ಬಳಸುವ ಐಮ್ಯಾಪ್ ಎಂಬ ನಿಯಮದಲ್ಲಿ ಇವೆರಡಕ್ಕೂ ಬೇರೆ ಬೇರೆ ಹುಡುಕಾಟಗಳಿವೆ: ‘ಸೆಂಟ್‌ಸಿನ್ಸ್’ ಮೊದಲನೆಯದನ್ನು ನೋಡುತ್ತದೆ, ‘ಸಿನ್ಸ್’ ಎರಡನೆಯದನ್ನು. ಹೆಸರು ಹತ್ತಿರವಿದ್ದರೂ ಫಲ ದೂರ. ಹೋಟೆಲಿನ ಕೌಂಟರಿನಲ್ಲಿರುವ ಹಳೆಯ ಕಂಪ್ಯೂಟರಿನ ಮದರ್‌ಬೋರ್ಡಿನ ಗುಂಡಿ ಬ್ಯಾಟರಿ ಸತ್ತಿದ್ದರೆ, ಕರೆಂಟು ಹೋಗಿ ಬಂದಾಗಲೆಲ್ಲ ಅದರ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಜಾರುತ್ತದೆ. ಅಂಥ ಯಂತ್ರದಿಂದ ಹೊರಟ ಆರ್ಡರಿನ ತಲೆಯ ಮೇಲೆ ಯಾವುದೋ ಹಳೆಯ ವರ್ಷ ಕೂತಿರುತ್ತದೆ. ನಮ್ಮ ಸರ್ವರಿನ ಗುರುತಿಗೆ ಅದರ ಸೋಂಕಿಲ್ಲ. ಹಾಗಾಗಿ ನಾನು ‘ಸಿನ್ಸ್’ ಕಡೆಗೇ ನಿಂತೆ.

ನಿಜವಾದ ತೊಡಕು ಇರುವುದು ಇದರ ಮುಂದೆ. ‘ಸಿನ್ಸ್’ ತಾರೀಕನ್ನು ಮಾತ್ರ ನೋಡುತ್ತದೆ. ಗಂಟೆ, ನಿಮಿಷ, ಕಾಲವಲಯ ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಿಯಮದಲ್ಲೇ ಹಾಗೆ ಬರೆದಿದೆ. ಮಾರ್ಚ್ 15ರ ರಾತ್ರಿ 12:40ಕ್ಕೆ, ಅಂದರೆ 14 ಮುಗಿದು ನಲವತ್ತು ನಿಮಿಷಕ್ಕೆ, ಚೆಂಬೂರಿನಿಂದ ಒಂದು ಆರ್ಡರ್ ಬಂತು ಎನ್ನಿ. ಸರ್ವರಿನ ಗಡಿಯಾರ ವಿಶ್ವಕಾಲದಲ್ಲಿದ್ದರೆ (ಯುಟಿಸಿ), ನಮಗಿಂತ ಐದೂವರೆ ಗಂಟೆ ಹಿಂದಿರುವ ಅದು ‘14 ಮಾರ್ಚ್, 19:10’ ಎಂದು ಗುರುತು ಹಾಕುತ್ತದೆ. ಹದಿನೈದರಿಂದ ಈಚೆಗಿನದನ್ನು ಕೊಡು ಎಂದು ಸ್ಕ್ರಿಪ್ಟು ಕೇಳಿದರೆ ಈ ಆರ್ಡರ್ ಬರುವುದೇ ಇಲ್ಲ. ದೋಷದ ಸಂದೇಶವೂ ಇಲ್ಲ, ಎಚ್ಚರಿಕೆಯೂ ಇಲ್ಲ. ಪಟ್ಟಿಯಲ್ಲಿ ಒಂದು ಸಾಲು ಕಡಿಮೆ, ಅಷ್ಟೇ. ನಮ್ಮ ಆರ್ಡರುಗಳು ಹೆಚ್ಚಾಗಿ ಬರುವುದು ಈ ಹೊತ್ತಿನಲ್ಲೇ ಆದ್ದರಿಂದ ಇದನ್ನು ಸಣ್ಣ ವಿಷಯವೆಂದು ಬಿಡಲು ನನ್ನಿಂದ ಆಗಲಿಲ್ಲ.

ನಾನು ಹಿಡಿದ ದಾರಿ ಇದು. ಸರ್ವರಿಗೆ ದೊಡ್ಡ ಬಲೆ, ನನ್ನ ಸ್ಕ್ರಿಪ್ಟಿಗೆ ಸಣ್ಣ ಕಣ್ಣಿನ ಜರಡಿ. ನನಗೆ ಬೇಕಾದದ್ದು 14ರ ರಾತ್ರಿ ಎರಡರಿಂದ 15ರ ರಾತ್ರಿ ಎರಡರವರೆಗಿನ ಆರ್ಡರು. 14ರ ರಾತ್ರಿ ಎರಡು ಅಂದರೆ ವಿಶ್ವಕಾಲದಲ್ಲಿ 13ರ 20:30. ಆದ್ದರಿಂದ ಸರ್ವರಿಗೆ ‘13ರಿಂದ ಈಚೆಗೆ’ ಎಂದು ಒಂದು ದಿನ ಹಿಂದಕ್ಕೆ ಹೋಗಿ ಕೇಳುತ್ತೇನೆ. ‘ಬಿಫೋರ್’ ಎಂಬ ಮೇಲಿನ ಮಿತಿಯನ್ನು ಹಾಕುವುದೇ ಇಲ್ಲ. ಬಂದ ಇಮೇಲುಗಳ ಒಡಲನ್ನು ಇಳಿಸಿಕೊಳ್ಳದೆ ಮೊದಲು ಇಂಟರ್ನಲ್ ಡೇಟನ್ನಷ್ಟೇ ತರಿಸುತ್ತೇನೆ. ಅದರ ಕೊನೆಯಲ್ಲಿ ಕಾಲವಲಯದ ಅಂತರವೂ ಇರುವುದರಿಂದ ನಿಖರವಾದ ಕ್ಷಣ ಸಿಗುತ್ತದೆ. ಅದನ್ನು ಪೈಥಾನಿನಲ್ಲಿ ಕಾಲವಲಯದ ಲೆಕ್ಕ ಮಾಡುವ ಝೋನ್‌ಇನ್ಫೋದಿಂದ ‘ಏಷ್ಯಾ/ಕೋಲ್ಕತಾ’ ಕಾಲಕ್ಕೆ, ಅಂದರೆ ನಮ್ಮ ಭಾರತದ ಕಾಲಕ್ಕೆ, ತಂದು ಹೋಲಿಸುತ್ತೇನೆ. ಆರಂಭದ ಕ್ಷಣ ಒಳಗೆ, ಕೊನೆಯ ಕ್ಷಣ ಹೊರಗೆ. ಎರಡು ಗಂಟೆ ಹೊಡೆದಾಗಲೇ ಬಂದ ಇಮೇಲು ನಾಳೆಯ ಪಾಲು. ಹೀಗಿದ್ದರೆ ಒಂದು ಆರ್ಡರ್ ಎರಡು ದಿನದ ಪಟ್ಟಿಯಲ್ಲೂ ಇರುವುದಿಲ್ಲ, ಎರಡರಿಂದಲೂ ತಪ್ಪಿಹೋಗುವುದಿಲ್ಲ. ಜರಡಿ ದಾಟಿದವುಗಳ ಒಡಲನ್ನು ಮಾತ್ರ ‘ಓದಿದ್ದು’ ಎಂಬ ಗುರುತು ಬೀಳದಂತೆ ತರುವ ‘ಬಾಡಿ ಪೀಕ್’ ಬಳಸಿ ತರುತ್ತೇನೆ. ಧಣಿಗಳ ಮೊಬೈಲಿನಲ್ಲಿ ಓದದ ಇಮೇಲು ಓದದ್ದಾಗಿಯೇ ಉಳಿಯುತ್ತದೆ.

ಚಿಕ್ಕದೊಂದು ಮಾತು: ಈ ಹುಡುಕಾಟದಲ್ಲಿ ತಿಂಗಳ ಹೆಸರು ಇಂಗ್ಲಿಷಿನ ಮೂರಕ್ಷರದಲ್ಲೇ ಇರಬೇಕು. ಸ್ಕ್ರಿಪ್ಟು ಕಂಪ್ಯೂಟರಿನ ಕನ್ನಡ ಅಥವಾ ಮರಾಠಿ ಭಾಷಾ ವ್ಯವಸ್ಥೆಯನ್ನು ಬಳಸಿಕೊಂಡರೆ ತಿಂಗಳು ಆ ಭಾಷೆಯಲ್ಲಿ ಬಂದು ಸರ್ವರು ಹುಡುಕಾಟವನ್ನೇ ತಿರಸ್ಕರಿಸುತ್ತದೆ. ಹನ್ನೆರಡು ಹೆಸರುಗಳನ್ನು ಸ್ಕ್ರಿಪ್ಟಿನಲ್ಲೇ ಬರೆದಿಟ್ಟುಕೊಂಡಿದ್ದೇನೆ.

ಇಂಟರ್ನಲ್ ಡೇಟೂ ಮೋಸಹೋಗುವ ಸಂದರ್ಭ ಒಂದಿದೆ. ಹಳೆಯ ಪೆಟ್ಟಿಗೆಯ ಇಮೇಲುಗಳನ್ನು ಹೊಸ ಸರ್ವರಿಗೆ ಸಾಗಿಸುವಾಗ ಸಾಗಿಸುವ ಸಾಧನ ಮೂಲ ಹೊತ್ತನ್ನು ಜೊತೆಗೆ ಕೊಡದಿದ್ದರೆ, ಎಲ್ಲವೂ ಈಗಷ್ಟೇ ಬಂದವು ಎಂದು ಸರ್ವರು ಬರೆದುಕೊಳ್ಳುತ್ತದೆ. ಆ ರಾತ್ರಿ ಸ್ಕ್ರಿಪ್ಟು ಓಡಿದರೆ ಎರಡು ವರ್ಷದ ಹಿಂದಿನ ಟೊಮೆಟೊವನ್ನೂ ಇಂದಿನ ಪಟ್ಟಿಗೆ ಸೇರಿಸುತ್ತದೆ. ನಾವು ಸರ್ವರು ಬದಲಿಸಿದಾಗ ಮೊದಲು ಕೆಲವೇ ಇಮೇಲುಗಳನ್ನು ಸಾಗಿಸಿ, ಹೊತ್ತು ಹಾಗೇ ಉಳಿದಿದೆಯೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಉಳಿದವನ್ನು ಕಳಿಸಿದೆ. ಅಲ್ಲಿಯವರೆಗೆ ಸ್ಕ್ರಿಪ್ಟು ನಿಂತಿತ್ತು, ಪಟ್ಟಿಯನ್ನು ಕೈಯಲ್ಲೇ ಬರೆದೆವು.

ಐಮ್ಯಾಪಿನ ಬದಲು ಜಿಮೇಲಿನ ಎಪಿಐ (ಪ್ರೋಗ್ರಾಮುಗಳು ನೇರವಾಗಿ ಜಿಮೇಲಿನೊಡನೆ ಮಾತಾಡುವ ದಾರಿ) ಬಳಸುವವರಿಗೆ ಬೇರೆಯೇ ಎಚ್ಚರ ಬೇಕು. ಅದರ ಹುಡುಕಾಟದಲ್ಲಿ ಬರಿಯ ತಾರೀಕು ಕೊಟ್ಟರೆ ಅಮೆರಿಕದ ಪಶ್ಚಿಮ ಕರಾವಳಿಯ ಮಧ್ಯರಾತ್ರಿಯಿಂದ ಲೆಕ್ಕ ಹಾಕುತ್ತದೆ. ನಮಗೆ ಆಗ ಮಧ್ಯಾಹ್ನ! ಅಲ್ಲಿ ತಾರೀಕಿನ ಬದಲು 1970ರಿಂದ ಎಣಿಸುವ ಸೆಕೆಂಡುಗಳನ್ನು ಕೊಡಬಹುದು, ಅದನ್ನೇ ಕೊಡಿ.

ಇನ್ನು ತಡವಾದ ಆರ್ಡರುಗಳ ವಿಚಾರ. ಮ್ಯಾನೇಜರು ಒಂದೂವರೆಗೆ ‘ಕಳಿಸು’ ಒತ್ತಿ ಮನೆಗೆ ಹೊರಟಿರುತ್ತಾರೆ, ನೆಟ್‌ವರ್ಕ್ ಸಿಕ್ಕಿ ಇಮೇಲು ಹೊರಡುವಾಗ ಎರಡೂ ಹತ್ತು. “ನಾನು ಹೊತ್ತಿಗೆ ಸರಿಯಾಗಿಯೇ ಕಳಿಸಿದ್ದೇನಲ್ಲ ಮಾರಾಯರೇ” ಎಂದು ಅವರು ಹೇಳಿದರೆ ಅದು ಸುಳ್ಳಲ್ಲ. ಅವರ ಡೇಟ್ ಹಾಗೆಯೇ ಹೇಳುತ್ತದೆ. ಆದರೂ ನಿಯಮ ಬಂದ ಹೊತ್ತಿನದೇ. ಎಲ್ಲರಿಗೂ ಒಂದೇ ಗಡಿಯಾರ ಇರುವುದು ನ್ಯಾಯ. ಹಾಗೆಂದು ಅವರನ್ನು ಕೈಬಿಡುವುದೂ ಸಲ್ಲದು. ಎರಡೂಮುಕ್ಕಾಲಿಗೆ ಸ್ಕ್ರಿಪ್ಟು ಇನ್ನೊಮ್ಮೆ ಓಡಿ, ಎರಡರ ನಂತರ ಬಂದವನ್ನು ‘ತಡ’ ಎಂಬ ಬೇರೆ ಪಟ್ಟಿಯಲ್ಲಿ ಕಳಿಸುತ್ತದೆ. ಖರೀದಿಯ ಹುಡುಗರು ಟೆಂಪೊದಲ್ಲಿ ಜಾಗ ನೋಡಿ ಆದಷ್ಟು ತರುತ್ತಾರೆ. ಹಾಗೆ ತಂದವನ್ನು ಮರುದಿನ ಮತ್ತೆ ಸೇರಿಸದಂತೆ ಆ ಇಮೇಲುಗಳ ಯುಐಡಿಯನ್ನು, ಅಂದರೆ ಸರ್ವರು ಪ್ರತಿ ಇಮೇಲಿಗೂ ಕೊಡುವ ಗುರುತಿನ ಸಂಖ್ಯೆಯನ್ನು, ಬರೆದಿಡುತ್ತೇನೆ.

ಪಟ್ಟಿಯ ಕಡತಕ್ಕೆ ಹೆಸರಿಡುವಾಗ ಮಾತ್ರ ಬಂದ ತಾರೀಕನ್ನು ಬಳಸುವುದಿಲ್ಲ, ಸರಕು ತಲುಪುವ ತಾರೀಕನ್ನು ಬಳಸುತ್ತೇನೆ. ಮಾರ್ಚ್ 31ರ ರಾತ್ರಿ 10:50ಕ್ಕೆ ಬಂದ ಆರ್ಡರಿನ ಬದನೆ, ಬೀನ್ಸು ಹೋಟೆಲಿಗೆ ಇಳಿಯುವುದು ಏಪ್ರಿಲ್ 1ರ ಬೆಳಗ್ಗೆ, ಬಿಲ್ಲು ಹೊಸ ಹಣಕಾಸು ವರ್ಷಕ್ಕೆ ಸೇರುತ್ತದೆ. ಇಮೇಲಿನ ಹೊತ್ತು ಪಟ್ಟಿಯಲ್ಲಿ ಪಕ್ಕದ ಅಂಕಣದಲ್ಲಿ ಇರುತ್ತದೆ, ಲೆಕ್ಕ ಪರಿಶೋಧಕರು ಕೇಳಿದರೆ ತೋರಿಸುತ್ತೇನೆ.